ನೆಟ್‌ವರ್ಕ್ ಬೂಟ್: ಅದರ ಇತಿಹಾಸ, ಕಾರ್ಯವಿಧಾನ ಮತ್ತು ದೋಷಶೋಧನೆಯ ಕ್ರಮ

೧. ವಿಷಯಪ್ರವೇಶ

ಶಾಸನಗಳ ಪಡಿಯಚ್ಚುಗಳನ್ನೂ ಓಲೆಗರಿಗಳ ಛಾಯಾಪ್ರತಿಗಳನ್ನೂ ಗಣಕಯಂತ್ರದ ತೆರೆಯ ಮೇಲೆ ಓದುವುದು ಇಂದು ಇತಿಹಾಸದ ವಿದ್ಯಾರ್ಥಿಗಳಿಗೆ ವಾಡಿಕೆಯ ಸಂಗತಿಯಾಗಿದೆ. ಆದುದರಿಂದ ವಿಜ್ಞಾನ ವಿಭಾಗಗಳಂತೆಯೇ ಮಾನವಿಕ ವಿಭಾಗಗಳಲ್ಲಿಯೂ ಇಪ್ಪತ್ತು ಮೂವತ್ತು ಕಂಪ್ಯೂಟರುಗಳ ಕೊಠಡಿಗಳು ಏರ್ಪಟ್ಟಿವೆ. ಈ ಯಂತ್ರಗಳಿಗೆಲ್ಲ ಆಪರೇಟಿಂಗ್ ಸಿಸ್ಟಮ್ಮನ್ನು ಒಂದೊಂದಾಗಿ ಕೈಯಿಂದ ಅಳವಡಿಸುವುದು ಬಹು ಶ್ರಮದ ಕೆಲಸ. ಒಂದು ಯಂತ್ರಕ್ಕೆ ಒಂದು ಗಂಟೆ ಹಿಡಿದರೆ ಮೂವತ್ತು ಯಂತ್ರಗಳಿಗೆ ಒಂದು ವಾರವೇ ಬೇಕಾದೀತು. ಈ ಶ್ರಮವನ್ನು ನಿವಾರಿಸುವ ಉಪಾಯವೇ ನೆಟ್‌ವರ್ಕ್ ಬೂಟ್. ಯಂತ್ರವು ತನ್ನ ಡಿಸ್ಕಿನಿಂದಲ್ಲದೆ ಕೇಬಲ್ಲಿನ ಮೂಲಕ ದೂರದ ಸರ್ವರಿನಿಂದ ತನ್ನ ಮೊದಲ ಪ್ರೋಗ್ರಾಮನ್ನು ತರಿಸಿಕೊಂಡು, ಅದರ ನೆರವಿನಿಂದ ಇಡೀ ವ್ಯವಸ್ಥೆಯನ್ನು ತಾನೇ ಸ್ಥಾಪಿಸಿಕೊಳ್ಳುವುದು ಇದರ ತಾತ್ಪರ್ಯ.

ಈ ಉಪಾಯವು ಫಲಿಸಿದಾಗ ಸುಲಭವಾಗಿ ತೋರುತ್ತದೆ. ಫಲಿಸದಿದ್ದಾಗ ಕಪ್ಪು ತೆರೆಯ ಮೇಲೆ ಒಂದು ಗೂಢವಾದ ಸಾಲು ಮಾತ್ರ ಉಳಿಯುತ್ತದೆ. ನುರಿತ ತಂತ್ರಜ್ಞರು ಎಲ್ಲ ಕಾಲೇಜುಗಳಲ್ಲಿಯೂ ಇರುವುದಿಲ್ಲ. ಆ ಹೊಣೆಯು ಎಷ್ಟೋ ವೇಳೆ ಅಧ್ಯಾಪಕರ ಮೇಲೆಯೂ ಹಿರಿಯ ವಿದ್ಯಾರ್ಥಿಗಳ ಮೇಲೆಯೂ ಬೀಳುತ್ತದೆ. ತಪ್ಪಾಗಿ ನಡೆದ ಸ್ಥಾಪನೆಯು ಒಂದು ಯಂತ್ರದಲ್ಲಿರುವ ಸಂಶೋಧನ ಟಿಪ್ಪಣಿಗಳನ್ನೆಲ್ಲ ಅಳಿಸಿಹಾಕುವುದೂ ಉಂಟು. ಈ ಕಾರಣಗಳಿಂದ ವಿಷಯವನ್ನು ಮೂಲದಿಂದ ತಿಳಿಯುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ. ಈ ಪದ್ಧತಿಯು ಹೇಗೆ ಬೆಳೆಯಿತು, ಹೇಗೆ ನಡೆಯುತ್ತದೆ, ಎಲ್ಲೆಲ್ಲಿ ಮುರಿಯುತ್ತದೆ, ಮುರಿದ ಸ್ಥಳವನ್ನು ಕಂಡುಹಿಡಿಯುವ ಕ್ರಮವೇನು ಎಂಬ ನಾಲ್ಕು ಪ್ರಶ್ನೆಗಳನ್ನು ಮುಂದೆ ವಿವೇಚಿಸಲಾಗಿದೆ.

೨. ಪೂರ್ವೇತಿಹಾಸ

ಬೂಟ್ ಎಂಬುದು ಬೂಟ್‌ಸ್ಟ್ರ್ಯಾಪ್ ಎಂಬ ಶಬ್ದದ ಸಂಕ್ಷೇಪ. ಪಾದರಕ್ಷೆಯನ್ನು ಮೇಲೆಳೆಯಲು ಅದಕ್ಕೆ ಹೊಲಿದಿರುವ ಪಟ್ಟಿಗೆ ಆ ಹೆಸರು. ತನ್ನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನೇ ಮೇಲಕ್ಕೆತ್ತಿಕೊಳ್ಳುವುದೆಂಬ ಅಸಾಧ್ಯದ ಮಾತು ಕಂಪ್ಯೂಟರಿನ ವಿಷಯದಲ್ಲಿ ಒಂದು ನಿಜವಾದ ಸಮಸ್ಯೆಯಾಯಿತು. ಪ್ರೋಗ್ರಾಮನ್ನು ಓದುವುದಕ್ಕೂ ಒಂದು ಪ್ರೋಗ್ರಾಮು ಬೇಕು. ಆ ಮೊದಲನೆಯದನ್ನು ಓದುವವರು ಯಾರು? ೧೯೫೨ರಲ್ಲಿ ಪ್ರಕಟವಾದ ಐಬಿಎಂ ೭೦೧ ಯಂತ್ರದಲ್ಲಿ ಇದಕ್ಕಾಗಿ ಒಂದು ಗುಂಡಿಯಿತ್ತು. ಅದನ್ನೊತ್ತಿದರೆ ಮೊದಲ ಕೆಲವು ಆದೇಶಗಳು ಮಾತ್ರ ಒಳಬರುತ್ತಿದ್ದುವು. ಅವು ಉಳಿದವನ್ನು ಎಳೆದುಕೊಳ್ಳುತ್ತಿದ್ದುವು. ಚಿಕ್ಕದು ದೊಡ್ಡದನ್ನು ತರುವ ಈ ತತ್ತ್ವವೇ ಇಂದಿಗೂ ಆಧಾರವಾಗಿದೆ.

೧೯೮೦ರ ದಶಕದಲ್ಲಿ ಡಿಸ್ಕುಗಳು ದುಬಾರಿಯಾಗಿದ್ದುವು. ವಿಶ್ವವಿದ್ಯಾನಿಲಯಗಳಲ್ಲಿ ಡಿಸ್ಕಿಲ್ಲದ ಯಂತ್ರಗಳನ್ನು ಒಂದು ಸರ್ವರಿಗೆ ಜೋಡಿಸಿ ನಡೆಸುವ ಪದ್ಧತಿಯು ಪ್ರಚಾರಕ್ಕೆ ಬಂತು. ಅಂತಹ ಯಂತ್ರವು ಚಾಲೂ ಆದೊಡನೆ ಎರಡು ಪ್ರಶ್ನೆಗಳನ್ನು ಕೇಳಬೇಕಾಗಿತ್ತು: ನನ್ನ ವಿಳಾಸವೇನು? ನನ್ನ ಪ್ರೋಗ್ರಾಮು ಎಲ್ಲಿದೆ? ಎರಡನೆಯದಕ್ಕೆ ಉತ್ತರವಾಗಿ ೧೯೮೧ರಲ್ಲಿ ಟಿಎಫ್‌ಟಿಪಿ ಎಂಬ ಅತಿ ಸರಳವಾದ ಕಡತಸಾಗಣೆಯ ನಿಯಮಾವಳಿಯು ಪ್ರಕಟವಾಯಿತು. ಮೊದಲನೆಯದಕ್ಕೆ ೧೯೮೪ರಲ್ಲಿ ಆರ್‌ಎಆರ್‌ಪಿ ಬಂತು. ಆದರೆ ಅದು ವಿಳಾಸವನ್ನಷ್ಟೇ ಹೇಳುತ್ತಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಬಿಲ್ ಕ್ರಾಫ್ಟ್ ಮತ್ತು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಜಾನ್ ಗಿಲ್ಮೋರ್ ಎಂಬಿಬ್ಬರು ೧೯೮೫ರಲ್ಲಿ ರಚಿಸಿದ ಬೂಟ್‌ಪಿ ಎಂಬ ನಿಯಮಾವಳಿಯು ವಿಳಾಸವನ್ನೂ ಸರ್ವರಿನ ಸುಳಿವನ್ನೂ ಕಡತದ ಹೆಸರನ್ನೂ ಒಂದೇ ಉತ್ತರದಲ್ಲಿ ಕೊಟ್ಟಿತು. ಇದನ್ನು ವಿಸ್ತರಿಸಿ ರಾಲ್ಫ್ ಡ್ರೋಮ್ಸ್ ೧೯೯೩ರಲ್ಲಿ ಡಿಎಚ್‌ಸಿಪಿಯನ್ನು ನಿರೂಪಿಸಿದರು. ಅದರ ಪರಿಷ್ಕೃತ ರೂಪ ೧೯೯೭ರಲ್ಲಿ ಹೊರಬಂತು. ಇವೆರಡನ್ನೂ ಕೂಡಿಸಿ, ಸಾಮಾನ್ಯ ಪಿಸಿಗಳಲ್ಲಿ ನೆಟ್‌ವರ್ಕ್ ಬೂಟ್ ಹೇಗೆ ನಡೆಯತಕ್ಕದ್ದೆಂಬುದನ್ನು ಇಂಟೆಲ್ ಸಂಸ್ಥೆಯು ಪಿಎಕ್ಸ್‌ಇ ಎಂಬ ಹೆಸರಿನಲ್ಲಿ ಗೊತ್ತುಪಡಿಸಿತು. ಅದರ ೨.೧ನೆಯ ಆವೃತ್ತಿಯು ೧೯೯೯ರ ಸೆಪ್ಟೆಂಬರಿನದು.

ಹೀಗೆ ಇಂದಿನ ಪದ್ಧತಿಯು ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆಯವರು ಕಟ್ಟಿದ ಅಂತಸ್ತುಗಳ ಕಟ್ಟಡವಾಗಿದೆ. ಕಟ್ಟಡವು ಬಿರುಕುಬಿಡುವುದು ಹೆಚ್ಚಾಗಿ ಈ ಅಂತಸ್ತುಗಳ ಸಂಧಿಗಳಲ್ಲಿಯೇ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

೩. ಸರಪಳಿಯ ಕೊಂಡಿಗಳು

ಒಂದು ನೆಟ್‌ವರ್ಕ್ ಬೂಟು ಸಫಲವಾಗಬೇಕಾದರೆ ಆರು ಘಟನೆಗಳು ಒಂದರ ಬೆನ್ನಿಗೊಂದು ನಡೆಯಬೇಕು. ಮೊದಲು, ಯಂತ್ರದ ಫರ್ಮ್‌ವೇರು ನೆಟ್‌ವರ್ಕ್ ಕಾರ್ಡನ್ನು ಎಚ್ಚರಿಸಿ ಕೇಬಲ್ಲು ಸಜೀವವಾಗಿದೆಯೆಂದು ತಿಳಿಯುತ್ತದೆ. ಎರಡನೆಯದಾಗಿ, ಅದು ವಿಳಾಸಕ್ಕಾಗಿ ಡಿಎಚ್‌ಸಿಪಿ ಕೋರಿಕೆಯನ್ನು ಸಾರುತ್ತದೆ. ಮೂರನೆಯದಾಗಿ, ಸರ್ವರಿನ ವಿಳಾಸವೂ ಬೂಟ್ ಕಡತದ ಹೆಸರೂ ದೊರೆಯುತ್ತವೆ. ನಾಲ್ಕನೆಯದಾಗಿ, ಟಿಎಫ್‌ಟಿಪಿಯ ಮೂಲಕ ಆ ಕಡತವು ಇಳಿದುಬರುತ್ತದೆ. ಐದನೆಯದಾಗಿ, ಆ ಚಿಕ್ಕ ಪ್ರೋಗ್ರಾಮು ತನ್ನ ಸೂಚನಾಪಟ್ಟಿಯನ್ನು ಓದಿ ಕರ್ನೆಲ್ಲನ್ನೂ ಅದರ ಆರಂಭಿಕ ಸಾಮಗ್ರಿಯನ್ನೂ ತರಿಸಿಕೊಳ್ಳುತ್ತದೆ. ಆರನೆಯದಾಗಿ, ಕರ್ನೆಲ್ ಎದ್ದು, ಹೊಸದಾಗಿ ನೆಟ್‌ವರ್ಕನ್ನು ಹಿಡಿದು ಸ್ಥಾಪನೆಯನ್ನು ಮುಂದುವರಿಸುತ್ತದೆ.

ಈ ಸರಪಳಿಯಲ್ಲಿ ಒಂದು ಕೊಂಡಿಯು ಕಳಚಿದರೆ ಮುಂದಿನವು ನಡೆಯವು. ಆದುದರಿಂದ ದೋಷಶೋಧಕನು ಮೊದಲು ಕೇಳತಕ್ಕ ಪ್ರಶ್ನೆಯೆಂದರೆ ಸಫಲವಾದ ಕಡೆಯ ಘಟನೆ ಯಾವುದು ಎಂಬುದೇ. ಅದು ಗೊತ್ತಾದರೆ ಅದಕ್ಕೆ ಹಿಂದಿನವನ್ನೆಲ್ಲ ಪರೀಕ್ಷೆಯಿಂದ ಬಿಡಬಹುದು. ಅದರ ಮುಂದಿನ ಒಂದು ಕೊಂಡಿಯಲ್ಲಿಯೇ ಶೋಧನೆಯನ್ನು ಕೇಂದ್ರೀಕರಿಸಬಹುದು. ಅಕ್ಷರ ಅಳಿಸಿಹೋದ ಶಾಸನವನ್ನು ಓದುವಾಗ, ಸಂದೇಹವಿಲ್ಲದ ಕಡೆಯ ಅಕ್ಷರದಿಂದ ಮುಂದೆ ಸಾಗುವ ಕ್ರಮವನ್ನು ನಾವು ಅನುಸರಿಸುವುದಿಲ್ಲವೆ? ಇಲ್ಲಿಯೂ ಅದೇ ನ್ಯಾಯ.

೪. ವಿಳಾಸ ದೊರೆಯದಿರುವುದು

ತೆರೆಯ ಮೇಲೆ ಪಿಎಕ್ಸ್‌ಇ-ಇ೬೧ ಎಂಬ ಸಂಕೇತವು ಕಂಡರೆ ದೋಷವು ಮೊದಲ ಕೊಂಡಿಯಲ್ಲಿದೆ. ಕೇಬಲ್ಲನ್ನೂ ಅದರ ತುದಿಗಳನ್ನೂ ಸ್ವಿಚ್ಚಿನ ದೀಪವನ್ನೂ ನೋಡತಕ್ಕದ್ದು. ಹೆಚ್ಚು ವಿಚಾರಕ್ಕೆ ಎಡೆಕೊಡುವುದು ಪಿಎಕ್ಸ್‌ಇ-ಇ೫೧. ಯಾವ ಡಿಎಚ್‌ಸಿಪಿ ಸರ್ವರಿನಿಂದಲೂ ಉತ್ತರ ಬರಲಿಲ್ಲವೆಂಬುದೇ ಅದರ ಅರ್ಥ. ಯುಇಎಫ್‌ಐ ಎಂಬ ಹೊಸ ಫರ್ಮ್‌ವೇರಿನ ಯಂತ್ರಗಳಲ್ಲಿ ಇದೇ ಸ್ಥಿತಿಯನ್ನು ಪಿಎಕ್ಸ್‌ಇ-ಇ೧೬ ಎಂದು ತೋರಿಸುವುದುಂಟು. ಇದಕ್ಕೆ ಮೂರು ಮುಖ್ಯ ಕಾರಣಗಳಿವೆ.

ಒಂದನೆಯದು, ಸರ್ವರು ನಿಂತುಹೋಗಿರಬಹುದು ಅಥವಾ ಹಂಚತಕ್ಕ ವಿಳಾಸಗಳು ಮುಗಿದಿರಬಹುದು. ಇದೇ ಕೇಬಲ್ಲಿಗೆ ಚೆನ್ನಾಗಿ ನಡೆಯುವ ಬೇರೊಂದು ಯಂತ್ರವನ್ನು ಜೋಡಿಸಿದರೆ ಸಂಶಯ ಪರಿಹಾರವಾಗುತ್ತದೆ.

ಎರಡನೆಯದು, ಯಂತ್ರವೂ ಸರ್ವರೂ ಬೇರೆ ಬೇರೆ ಉಪಜಾಲಗಳಲ್ಲಿರಬಹುದು. ವಿಳಾಸವೇ ಇಲ್ಲದ ಯಂತ್ರವು ಯಾರನ್ನೂ ಹೆಸರು ಹಿಡಿದು ಕರೆಯಲಾರದು; ಬೀದಿಯಲ್ಲಿ ಡಂಗುರ ಸಾರುವಂತೆ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತದೆ. ಈ ಕೂಗನ್ನು ರೂಟರು ತನ್ನ ಗಡಿಯಾಚೆಗೆ ದಾಟಿಸುವುದಿಲ್ಲ. ಕೊಠಡಿಯು ಒಂದು ಉಪಜಾಲದಲ್ಲಿಯೂ ಸರ್ವರು ಇನ್ನೊಂದರಲ್ಲಿಯೂ ಇದ್ದರೆ, ಕೂಗನ್ನು ಕೇಳಿ ಸರ್ವರಿಗೆ ತಲುಪಿಸುವ ರಿಲೇ ಏಜೆಂಟನ್ನು ರೂಟರಿನಲ್ಲಿ ಏರ್ಪಡಿಸಬೇಕು. ಒಂದು ಕೊಠಡಿಯ ಯಂತ್ರಗಳೆಲ್ಲ ಬೂಟ್ ಆಗಿ ಪಕ್ಕದ ಕೊಠಡಿಯವು ಒಂದೂ ಆಗದಿದ್ದರೆ ಮೊದಲು ಇದನ್ನೇ ಶಂಕಿಸತಕ್ಕದ್ದು.

ಮೂರನೆಯ ಕಾರಣವು ಸೂಕ್ಷ್ಮವಾದುದು. ಸ್ವಿಚ್ಚುಗಳ ನಡುವೆ ಸುತ್ತುದಾರಿಗಳು ಏರ್ಪಟ್ಟು ಸಂದೇಶಗಳು ಕೊನೆಯಿಲ್ಲದೆ ತಿರುಗದಂತೆ ಸ್ಪ್ಯಾನಿಂಗ್ ಟ್ರೀ ಎಂಬ ವಿಧಾನವನ್ನು ರೇಡಿಯಾ ಪರ್ಲ್‌ಮನ್ ಎಂಬ ವಿದುಷಿಯು ೧೯೮೫ರಲ್ಲಿ ರೂಪಿಸಿದರು. ಇದರ ಮೂಲರೂಪದಲ್ಲಿ, ಹೊಸದಾಗಿ ಸಜೀವವಾದ ಬಾಗಿಲನ್ನು ಸ್ವಿಚ್ಚು ಹದಿನೈದು ಸೆಕೆಂಡು ಆಲಿಸಿ, ಇನ್ನು ಹದಿನೈದು ಸೆಕೆಂಡು ಕಲಿತು, ಆ ಬಳಿಕ ತೆರೆಯುತ್ತದೆ. ಪಿಎಕ್ಸ್‌ಇಯ ನಿಯಮದಂತೆ ಯಂತ್ರವು ಕೋರಿಕೆಯನ್ನು ಸಾರಿ ಕ್ರಮವಾಗಿ ೪, ೮, ೧೬, ೩೨ ಸೆಕೆಂಡು ಕಾಯುತ್ತದೆ. ಲೆಕ್ಕಮಾಡಿ ನೋಡಿದರೆ ಕೋರಿಕೆಗಳು ಹೊರಡುವುದು ೦, ೪, ೧೨ ಮತ್ತು ೨೮ನೆಯ ಸೆಕೆಂಡುಗಳಲ್ಲಿ. ಕೇಬಲ್ಲು ಸಜೀವವಾದ ಕ್ಷಣದಲ್ಲಿಯೇ ಮೊದಲ ಕೋರಿಕೆಯೂ ಹೊರಟಿತೆಂದು ಇಟ್ಟುಕೊಂಡರೆ, ಬಾಗಿಲು ತೆರೆಯುವ ೩೦ನೆಯ ಸೆಕೆಂಡಿಗೆ ಮುಂಚೆಯೇ ನಾಲ್ಕು ಕೋರಿಕೆಗಳೂ ವ್ಯರ್ಥವಾಗಿರುತ್ತವೆ! ಒಂದೆರಡು ಸೆಕೆಂಡಿನ ವ್ಯತ್ಯಾಸದಿಂದ ಒಮ್ಮೆ ಬೂಟ್ ಆಗುವುದು, ಒಮ್ಮೆ ಆಗದಿರುವುದು ಎಂಬ ಚಂಚಲ ಲಕ್ಷಣಕ್ಕೆ ಇದು ಒಂದು ಕಾರಣ. ಯಂತ್ರಕ್ಕೂ ಗೋಡೆಯ ಸ್ವಿಚ್ಚಿಗೂ ನಡುವೆ ಒಂದು ಸಾಧಾರಣ ಚಿಕ್ಕ ಸ್ವಿಚ್ಚನ್ನಿಟ್ಟಾಗ ಬೂಟ್ ಸರಿಯಾಗಿ ನಡೆದರೆ ಈ ನಿದಾನವು ಬಹುಮಟ್ಟಿಗೆ ದೃಢಪಡುತ್ತದೆ. ಏಕೆಂದರೆ ಆಗ ಗೋಡೆಯ ಬಾಗಿಲು ಮುಚ್ಚುವುದೇ ಇಲ್ಲ. ಕಂಪ್ಯೂಟರುಗಳಿಗೆ ಮಾತ್ರ ಜೋಡಿಸಿದ ಬಾಗಿಲುಗಳನ್ನು ಅಂಚಿನ ಬಾಗಿಲುಗಳೆಂದು ಸ್ವಿಚ್ಚಿನಲ್ಲಿ ಗುರುತಿಸಿ, ಒಡನೆಯೇ ತೆರೆಯುವಂತೆ ಮಾಡುವುದು ಇದಕ್ಕೆ ಪರಿಹಾರ.

೫. ವಿಳಾಸ ದೊರೆತರೂ ಕಡತ ಬಾರದಿರುವುದು

ವಿಳಾಸವು ದೊರೆತು ಕಡತದ ಹೆಸರು ದೊರೆಯದಿದ್ದರೆ ಪಿಎಕ್ಸ್‌ಇ-ಇ೫೩ ಕಾಣುತ್ತದೆ. ಡಿಎಚ್‌ಸಿಪಿ ಉತ್ತರದಲ್ಲಿ ೬೬ನೆಯ ಅಂಶವು ಸರ್ವರಿನ ಹೆಸರನ್ನೂ ೬೭ನೆಯದು ಕಡತದ ಹೆಸರನ್ನೂ ಹೇಳುತ್ತವೆ. ಅವು ತುಂಬಿವೆಯೇ ಎಂದು ನೋಡಬೇಕು. ಯಾರೋ ಮನೆಯಲ್ಲಿ ಬಳಸುವ ಚಿಕ್ಕ ರೂಟರೊಂದನ್ನು ಜಾಲಕ್ಕೆ ಜೋಡಿಸಿರುವುದೂ ಉಂಟು. ಅದು ತಾನೂ ವಿಳಾಸ ಹಂಚಲು ತೊಡಗಿ ನಿಜವಾದ ಸರ್ವರಿಗಿಂತ ಮೊದಲೇ ಉತ್ತರ ಕೊಟ್ಟುಬಿಡುತ್ತದೆ. ಬಂದ ವಿಳಾಸವು ನಮ್ಮ ಜಾಲದ ಶ್ರೇಣಿಗೆ ಸೇರಿದ್ದೇ ಎಂದು ತಾಳೆನೋಡುವುದರಿಂದ ಈ ಕೂಟಸಾಕ್ಷಿಯನ್ನು ಹಿಡಿಯಬಹುದು.

ವಿಳಾಸ ಹಂಚುವ ಸರ್ವರೂ ಬೂಟ್ ಕಡತದ ಸರ್ವರೂ ಬೇರೆ ಬೇರೆಯಾಗಿರುವಲ್ಲಿ ಇನ್ನೊಂದು ತೊಡಕುಂಟು. ೬೦ನೆಯ ಅಂಶದಲ್ಲಿ ಪಿಎಕ್ಸ್‌ಇ ಕ್ಲೈಂಟ್ ಎಂಬ ಗುರುತನ್ನು ಡಿಎಚ್‌ಸಿಪಿ ಸರ್ವರು ಹಾಕಿದರೆ, ಬೂಟ್ ಸೇವೆಯೂ ತನ್ನಲ್ಲಿಯೇ ಇದೆಯೆಂದು ಸಾರಿದಂತಾಗುತ್ತದೆ. ಯಂತ್ರವು ಅದರ ೪೦೧೧ನೆಯ ಪೋರ್ಟಿಗೆ ಹೋಗಿ ಉತ್ತರವಿಲ್ಲದೆ ಪಿಎಕ್ಸ್‌ಇ-ಇ೫೫ ಎಂದು ನಿಲ್ಲುತ್ತದೆ. ಎರಡೂ ಸೇವೆಗಳು ಒಂದೇ ಸರ್ವರಿನಲ್ಲಿದ್ದಾಗ ಬೇಕಾಗುವ ಗುರುತೇ ಬೇರೆಯಾಗಿದ್ದಾಗ ಬಾಧಕವಾಗುವುದು ಗಮನಾರ್ಹ. ಒಂದು ಕಾಲೇಜಿನಲ್ಲಿ ಫಲಿಸಿದ ಏರ್ಪಾಟನ್ನು ಇನ್ನೊಂದರಲ್ಲಿ ಹಾಗೆಯೇ ನಕಲು ಮಾಡುವವರು ಇದನ್ನು ಲಕ್ಷಿಸಬೇಕು.

ಕಡತದ ಹೆಸರು ಗೊತ್ತಾಗಿಯೂ ಅದು ಬಾರದಿದ್ದರೆ ಟಿಎಫ್‌ಟಿಪಿಯನ್ನು ಪರೀಕ್ಷಿಸತಕ್ಕದ್ದು. ಪಿಎಕ್ಸ್‌ಇ-ಇ೩೨ ಎಂದರೆ ಸರ್ವರು ಉತ್ತರಿಸಲೇ ಇಲ್ಲ. ಪಿಎಕ್ಸ್‌ಇ-ಟಿ೦೧ ಎಂದರೆ ಉತ್ತರಿಸಿತು, ಆದರೆ ಕಡತವಿಲ್ಲವೆಂದಿತು. ಈ ಎರಡು ದೋಷಗಳಿಗೆ ಪರಿಹಾರಗಳೇ ಬೇರೆ. ಮೊದಲನೆಯದರಲ್ಲಿ ಸೇವೆಯು ನಡೆಯುತ್ತಿದೆಯೇ ಎಂಬುದರ ಜೊತೆಗೆ ಫೈರ್‌ವಾಲನ್ನು ನೋಡಬೇಕು. ಕೋರಿಕೆಯು ೬೯ನೆಯ ಪೋರ್ಟಿಗೆ ಹೋದರೂ ಸರ್ವರಿನ ಉತ್ತರವು ಹೊಸದಾಗಿ ಆಯ್ದುಕೊಂಡ ಬೇರೊಂದು ಪೋರ್ಟಿನಿಂದ ಬರುವುದು ಟಿಎಫ್‌ಟಿಪಿಯ ಸ್ವಭಾವ. ಆದುದರಿಂದ ೬೯ನ್ನು ಮಾತ್ರ ತೆರೆದಿಟ್ಟರೆ ಸಾಲದು. ಎರಡನೆಯದರಲ್ಲಿ ಹೆಸರಿನ ಕಾಗುಣಿತವನ್ನು ನೋಡಬೇಕು. ಲಿನಕ್ಸ್ ಸರ್ವರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರವೂ ಚಿಕ್ಕಕ್ಷರವೂ ಭಿನ್ನವೆಂದೇ ಎಣಿಕೆ. ವಿಂಡೋಸಿನಿಂದ ನಕಲು ಮಾಡಿದ ಹೆಸರುಗಳು ಇಲ್ಲಿ ಎಡವುತ್ತವೆ.

ಕಡತವು ಇಳಿದುಬಂದೊಡನೆ ಯಂತ್ರವು ಮೌನವಾಗಿ ಹಿಂದಿರುಗಿದರೆ, ಕಡತವು ಆ ಯಂತ್ರದ ಜಾತಿಗೆ ಸೇರಿದ್ದಲ್ಲವೆಂದು ಊಹಿಸಬಹುದು. ಹಳೆಯ ಬಯಾಸ್ ಯಂತ್ರಗಳಿಗೆ ಪಿಎಕ್ಸ್‌ಲಿನಕ್ಸ್‌ನಂತಹ ಒಂದು ಬಗೆಯ ಕಡತವೂ ಯುಇಎಫ್‌ಐ ಯಂತ್ರಗಳಿಗೆ ಬೇರೆ ಬಗೆಯ ಕಡತವೂ ಬೇಕು. ಯಂತ್ರವು ತನ್ನ ಕೋರಿಕೆಯ ೯೩ನೆಯ ಅಂಶದಲ್ಲಿ ತನ್ನ ಜಾತಿಯನ್ನು ತಾನೇ ಹೇಳಿಕೊಳ್ಳುತ್ತದೆ: ಬಯಾಸಿಗೆ ೦, ೬೪ ಬಿಟ್ಟಿನ ಯುಇಎಫ್‌ಐಗೆ ಸಾಮಾನ್ಯವಾಗಿ ೭. ಇದನ್ನು ನೋಡಿ ತಕ್ಕ ಕಡತವನ್ನು ಹೆಸರಿಸುವಂತೆ ಸರ್ವರನ್ನು ಏರ್ಪಡಿಸಿದರೆ ಹಳೆಯ ಹೊಸ ಯಂತ್ರಗಳು ಕೂಡಿರುವ ಕೊಠಡಿಯಲ್ಲಿಯೂ ತೊಂದರೆಯಿರದು. ಸೆಕ್ಯೂರ್ ಬೂಟ್ ಚಾಲೂ ಇದ್ದಲ್ಲಿ, ಅದು ಒಪ್ಪುವ ಮುದ್ರೆಯಿಲ್ಲದ ಕಡತವನ್ನು ಯಂತ್ರವು ತಿರಸ್ಕರಿಸುತ್ತದೆಂಬುದನ್ನೂ ಇಲ್ಲಿ ಸೇರಿಸಬೇಕು.

ಕಡತವು ಬರುತ್ತಿದ್ದರೂ ಅತಿ ನಿಧಾನವಾಗಿದ್ದರೆ ಅದು ದೋಷವಲ್ಲದೆ ಸ್ವಭಾವವಿರಬಹುದು. ಟಿಎಫ್‌ಟಿಪಿಯು ೫೧೨ ಬೈಟುಗಳ ಒಂದು ಕಂತನ್ನು ಕಳುಹಿಸಿ, ಅದು ತಲುಪಿತೆಂಬ ರಸೀತಿ ಬಂದ ಬಳಿಕವೇ ಮುಂದಿನದನ್ನು ಕಳುಹಿಸುತ್ತದೆ. ಒಂದು ಕಂತಿಗೆ ಒಂದು ಮಿಲಿಸೆಕೆಂಡು ಹಿಡಿದರೂ ೩೦೦ ಮೆಗಾಬೈಟಿನ ಕಡತಕ್ಕೆ ಸುಮಾರು ಹತ್ತು ನಿಮಿಷಗಳಾಗುತ್ತವೆ. ಕಂತಿನ ಸಂಖ್ಯೆಗೆ ಮೂಲದಲ್ಲಿ ೬೫,೫೩೫ರ ಮಿತಿಯಿರುವುದರಿಂದ ೩೨ ಮೆಗಾಬೈಟನ್ನು ಮೀರಿದ ಕಡತವು ಹಳೆಯ ಸರ್ವರುಗಳಲ್ಲಿ ನಡುವೆಯೇ ನಿಲ್ಲುವುದೂ ಉಂಟು. ಕಂತಿನ ಗಾತ್ರವನ್ನು ಹೆಚ್ಚಿಸುವ ಅವಕಾಶವು ೧೯೯೮ರಲ್ಲಿ ಪರಿಷ್ಕೃತ ರೂಪ ಪಡೆಯಿತು. ೨೦೧೫ರ ಯುಇಎಫ್‌ಐ ೨.೫ನೆಯ ಆವೃತ್ತಿಯಲ್ಲಿ ಟಿಎಫ್‌ಟಿಪಿಯ ಬದಲು ಎಚ್‌ಟಿಟಿಪಿಯಿಂದಲೇ ಬೂಟ್ ಮಾಡುವ ಮಾರ್ಗವೂ ಸೇರಿತು. ಚಿಕ್ಕ ಕಡತವನ್ನು ಮಾತ್ರ ಟಿಎಫ್‌ಟಿಪಿಯಿಂದ ತಂದು ದೊಡ್ಡವನ್ನು ಎಚ್‌ಟಿಟಿಪಿಯಿಂದ ತರುವುದು ಉತ್ತಮ ಕ್ರಮ.

೬. ಕರ್ನೆಲ್ ಎದ್ದ ಬಳಿಕ

ಮೆನು ಕಂಡಿತು, ಕರ್ನೆಲ್ ಇಳಿಯಿತು, ಇನ್ನು ಚಿಂತೆಯಿಲ್ಲವೆಂದು ಅನೇಕರು ಭಾವಿಸುತ್ತಾರೆ. ಇದು ಸರಿಯಲ್ಲ. ಇಲ್ಲಿಯವರೆಗೆ ಕೇಬಲ್ಲನ್ನು ನಡೆಸಿದ್ದು ಫರ್ಮ್‌ವೇರು; ಇನ್ನು ಮುಂದೆ ಕರ್ನೆಲ್ಲು ತನ್ನ ಸ್ವಂತ ಡ್ರೈವರಿನಿಂದ ಅದೇ ಕಾರ್ಡನ್ನು ಹೊಸದಾಗಿ ಗುರುತಿಸಿ, ಮತ್ತೊಮ್ಮೆ ವಿಳಾಸವನ್ನು ಕೇಳಬೇಕು. ಯಂತ್ರವು ಹೊಸ ಮಾದರಿಯದಾಗಿ, ಸ್ಥಾಪನೆಯ ಸಾಮಗ್ರಿಯು ಹಳೆಯದಾಗಿದ್ದರೆ, ಆ ಡ್ರೈವರು ಅದರಲ್ಲಿ ಇರುವುದಿಲ್ಲ. ಆಗ, ಜಾಲದ ಮೂಲಕವೇ ಬಂದ ಪ್ರೋಗ್ರಾಮು ಜಾಲವೇ ಇಲ್ಲವೆಂದು ವರದಿ ಮಾಡುವ ವಿಚಿತ್ರವು ಕಾಣುತ್ತದೆ. ವಿಂಡೋಸಿನ ಸ್ಥಾಪನೆಯಲ್ಲಿ ಆದೇಶದ ಕಿಟಕಿಯನ್ನು ತೆರೆದು ವಿಳಾಸವಿದೆಯೇ ಎಂದು ಕೇಳಿದರೆ ಇದು ತಿಳಿಯುತ್ತದೆ. ತಕ್ಕ ಡ್ರೈವರನ್ನು ಬೂಟ್ ಇಮೇಜಿಗೆ ಸೇರಿಸುವುದೇ ಪರಿಹಾರ. ಡೆಬಿಯನ್‌ನಂತಹ ಲಿನಕ್ಸ್ ಪ್ರಭೇದಗಳಲ್ಲಿ ಸರ್ವರಿನಲ್ಲಿಟ್ಟ ಹಳೆಯ ಕರ್ನೆಲ್ಲಿಗೂ ಭಂಡಾರದಲ್ಲಿರುವ ಹೊಸ ಘಟಕಗಳಿಗೂ ಹೊಂದಿಕೆಯಾಗದೆ ಸ್ಥಾಪನೆಯು ನಿಲ್ಲುತ್ತದೆ. ಬೂಟ್ ಕಡತಗಳನ್ನು ಹೊಸದಾಗಿ ತಂದಿಟ್ಟರೆ ಸಾಕು. ಇಡೀ ಇಮೇಜನ್ನು ಮೊದಲು ಮೆಮೊರಿಗೆ ತುಂಬಿಕೊಳ್ಳುವ ಪ್ರಭೇದಗಳು ಕಡಿಮೆ ಮೆಮೊರಿಯ ಯಂತ್ರಗಳಲ್ಲಿ ನಡುದಾರಿಯಲ್ಲಿ ಕುಸಿಯುತ್ತವೆ. ಗಡಿಯಾರದ ಬ್ಯಾಟರಿ ಸತ್ತ ಹಳೆಯ ಯಂತ್ರದಲ್ಲಿ ತೇದಿಯು ಹಿಂದೆ ಸರಿದು, ಎಚ್‌ಟಿಟಿಪಿಎಸ್ ಪ್ರಮಾಣಪತ್ರವು ಅಮಾನ್ಯವೆಂದು ತೋರುವುದೂ ಇದೇ ಹಂತದ ದೋಷ.

೭. ಸಾಕ್ಷ್ಯಗಳ ಪರೀಕ್ಷೆ

ದೋಷಶೋಧನೆಗೆ ಮೂರು ಬಗೆಯ ಸಾಕ್ಷ್ಯಗಳು ದೊರೆಯುತ್ತವೆ. ಯಂತ್ರದ ತೆರೆ, ಸರ್ವರಿನ ಲಾಗ್, ಕೇಬಲ್ಲಿನಲ್ಲಿ ಹರಿಯುವ ಸಂದೇಶಗಳ ನೇರವಾದ ಪ್ರತಿ. ಮೂರನೆಯದನ್ನು ಟಿಸಿಪಿಡಂಪ್ ಅಥವಾ ವೈರ್‌ಶಾರ್ಕ್‌ನಂತಹ ಸಾಧನದಿಂದ ಪಡೆಯಬಹುದು. ತೆರೆಯು ಫಲವನ್ನು ಮಾತ್ರ ಹೇಳುತ್ತದೆ. ಲಾಗ್ ಸರ್ವರಿನ ಪಕ್ಷವನ್ನು ಹೇಳುತ್ತದೆ. ಸಂದೇಶಗಳ ಪ್ರತಿಯು ಆ ಸ್ಥಳದಲ್ಲಿ ಹಾದುಹೋದುದನ್ನೆಲ್ಲ ಹೇಳುತ್ತದೆ. ಕೋರಿಕೆಯು ಯಂತ್ರದಿಂದ ಹೊರಟದ್ದು ಕಂಡು, ಸರ್ವರಿನ ಬಳಿ ಬಂದದ್ದು ಕಾಣದಿದ್ದರೆ ದೋಷವು ನಡುದಾರಿಯದು. ಬಂದದ್ದು ಕಂಡು ಉತ್ತರ ಹೊರಡದಿದ್ದರೆ ಸರ್ವರಿನದು.

ಲಾಗಿನಲ್ಲಿ ಕಾಣುವ ಪ್ರತಿಯೊಂದು ದೂರೂ ದೋಷವಲ್ಲವೆಂಬುದನ್ನು ವಿಶೇಷವಾಗಿ ಹೇಳಬೇಕಾಗಿದೆ. ಪಿಎಕ್ಸ್‌ಲಿನಕ್ಸು ತನ್ನ ಸೂಚನಾಪಟ್ಟಿಯನ್ನು ಮೊದಲು ಯಂತ್ರದ ವಿಶಿಷ್ಟ ಸಂಖ್ಯೆಯ ಹೆಸರಿನಲ್ಲಿಯೂ, ಬಳಿಕ ಕಾರ್ಡಿನ ವಿಳಾಸದ ಹೆಸರಿನಲ್ಲಿಯೂ, ಆಮೇಲೆ ಜಾಲದ ವಿಳಾಸದ ಹೆಸರಿನಿಂದ ಒಂದೊಂದೇ ಅಂಕೆಯನ್ನು ಬಿಡುತ್ತಲೂ ಹುಡುಕಿ, ಕೊನೆಗೆ ಸರ್ವಸಾಮಾನ್ಯವಾದ ಪಟ್ಟಿಗೆ ಬರುತ್ತದೆ. ಆದುದರಿಂದ ಕಡತವಿಲ್ಲ ಎಂಬ ಸಾಲು ಲಾಗಿನಲ್ಲಿ ಹತ್ತು ಸಲ ಕಂಡರೂ ಅದು ಸಹಜವೇ. ಯಂತ್ರವು ಕಡತದ ಗಾತ್ರವನ್ನು ಮಾತ್ರ ತಿಳಿಯಲು ಒಮ್ಮೆ ಕೇಳಿ ಕೂಡಲೆ ನಿಲ್ಲಿಸಿ, ಮತ್ತೆ ಕೇಳುವುದೂ ಉಂಟು. ಆಗ ಸಾಗಣೆಯು ರದ್ದಾಯಿತೆಂದು ಲಾಗ್ ದೂರುತ್ತದೆ. ಸರಿಯಾಗಿ ಬೂಟ್ ಆದ ಯಂತ್ರದ ಲಾಗನ್ನು ಪಕ್ಕದಲ್ಲಿಟ್ಟು, ಪಾಠಾಂತರಗಳನ್ನು ಹೋಲಿಸುವಂತೆ ಹೋಲಿಸಿದರೆ ಯಾವ ಸಾಲು ನಿಜವಾಗಿಯೂ ಹೊಸದೆಂಬುದು ತಿಳಿಯುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡತಕ್ಕದ್ದು; ಮಾಡಿದುದನ್ನು ವೇಳೆಯೊಡನೆ ಬರೆದಿಡತಕ್ಕದ್ದು. ಐದು ಬದಲಾವಣೆಗಳನ್ನು ಒಟ್ಟಿಗೆ ಮಾಡಿ ಯಂತ್ರವನ್ನು ಎಬ್ಬಿಸಿದವನಿಗೆ ಯಂತ್ರವು ದಕ್ಕೀತೇ ಹೊರತು ಜ್ಞಾನವು ದಕ್ಕುವುದಿಲ್ಲ.

೮. ಎರಡು ಎಚ್ಚರಿಕೆಗಳು

ನೆಟ್‌ವರ್ಕ್ ಬೂಟನ್ನು ಮೊದಲ ಆಯ್ಕೆಯಾಗಿಟ್ಟು, ತಾನಾಗಿ ನಡೆಯುವ ಸ್ಥಾಪನೆಯನ್ನು ಮೆನುವಿನ ಸಹಜ ಆಯ್ಕೆಯಾಗಿಟ್ಟರೆ ಒಂದು ಅನರ್ಥವು ಕಾದಿರುತ್ತದೆ. ಸ್ಥಾಪನೆ ಮುಗಿದು ಪುನಃ ಚಾಲೂ ಆದ ಯಂತ್ರವು ಮತ್ತೆ ಜಾಲಕ್ಕೆ ಹೋಗಿ ಮತ್ತೆ ಸ್ಥಾಪನೆಗೆ ತೊಡಗುತ್ತದೆ. ತಿಂಗಳುಗಳ ಬಳಿಕ ವಿದ್ಯಾರ್ಥಿಯೊಬ್ಬನು ಯಂತ್ರವನ್ನು ಚಾಲೂ ಮಾಡಿದಾಗಲೂ ಹೀಗೆಯೇ ಆಗಿ ಡಿಸ್ಕಿನಲ್ಲಿದ್ದ ಸಕಲವೂ ಅಳಿಸಿಹೋಗಬಹುದು. ಆದುದರಿಂದ ಮೆನುವಿನ ಸಹಜ ಆಯ್ಕೆಯು ಯಾವಾಗಲೂ ಸ್ಥಳೀಯ ಡಿಸ್ಕೇ ಆಗಿರತಕ್ಕದ್ದು. ಸ್ಥಾಪನೆಯನ್ನು ಮನುಷ್ಯನೇ ಆರಿಸತಕ್ಕದ್ದು, ಅಥವಾ ಗೊತ್ತಾದ ಯಂತ್ರಕ್ಕೆ ಒಂದು ಬಾರಿಗೆ ಮಾತ್ರ ಅನುಮತಿಸತಕ್ಕದ್ದು.

ಎರಡನೆಯದು ನಂಬಿಕೆಯ ಪ್ರಶ್ನೆ. ಡಿಎಚ್‌ಸಿಪಿಯಾಗಲಿ ಟಿಎಫ್‌ಟಿಪಿಯಾಗಲಿ ಉತ್ತರಿಸಿದವನು ಯಾರೆಂದು ವಿಚಾರಿಸುವುದಿಲ್ಲ. ಸಹೋದ್ಯೋಗಿಗಳೇ ಬಳಸುತ್ತಿದ್ದ ಚಿಕ್ಕ ಜಾಲಗಳ ಕಾಲದಲ್ಲಿ ಹುಟ್ಟಿದ ನಿಯಮಗಳು ಇವು. ೨೦೨೪ರ ಜನವರಿಯಲ್ಲಿ ಕ್ವಾರ್ಕ್ಸ್‌ಲ್ಯಾಬ್ ಸಂಸ್ಥೆಯ ಸಂಶೋಧಕರು ಯುಇಎಫ್‌ಐ ಫರ್ಮ್‌ವೇರುಗಳಿಗೆ ಆಧಾರವಾದ ಇಡಿಕೆ ೨ ಎಂಬುದರ ನೆಟ್‌ವರ್ಕ್ ಭಾಗದಲ್ಲಿ ಒಂಬತ್ತು ಭದ್ರತಾದೋಷಗಳನ್ನು ಪಿಕ್ಸಿಫೇಲ್ ಎಂಬ ಹೆಸರಿನಿಂದ ಪ್ರಕಟಿಸಿದುದು ಈ ನಂಬಿಕೆಯ ಅಪಾಯಕ್ಕೆ ನಿದರ್ಶನ. ಸ್ಥಾಪನೆಯ ಜಾಲವನ್ನು ಪ್ರತ್ಯೇಕವಾಗಿಡುವುದು, ಕೆಲಸ ಮುಗಿದ ಬಳಿಕ ನೆಟ್‌ವರ್ಕ್ ಬೂಟನ್ನು ಮುಚ್ಚಿಡುವುದು, ಫರ್ಮ್‌ವೇರನ್ನು ನವೀಕರಿಸುವುದು ಇವು ವಿವೇಕದ ಮಾರ್ಗಗಳು.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ, ನೆಟ್‌ವರ್ಕ್ ಬೂಟಿನ ವಿಘ್ನಗಳು ಅಸಂಖ್ಯವಾಗಿ ತೋರಿದರೂ ಆರು ಕೊಂಡಿಗಳಲ್ಲಿ ಒಂದಕ್ಕೆ ಸೇರಿಯೇ ತೀರುತ್ತವೆಂಬುದು ವ್ಯಕ್ತವಾಗುತ್ತದೆ. ತೆರೆಯ ಸಂಕೇತವನ್ನು ಯಥಾವತ್ತಾಗಿ ಬರೆದುಕೊಳ್ಳುವುದು, ಸಫಲವಾದ ಕಡೆಯ ಕೊಂಡಿಯನ್ನು ನಿರ್ಧರಿಸುವುದು, ಮುಂದಿನ ಕೊಂಡಿಯನ್ನು ಎರಡು ಬದಿಯ ಸಾಕ್ಷ್ಯಗಳಿಂದ ಪರೀಕ್ಷಿಸುವುದು, ಈ ಮೂರು ಮೆಟ್ಟಿಲುಗಳಿಗೆ ವಿಶೇಷ ತಾಂತ್ರಿಕ ಶಿಕ್ಷಣವು ಬೇಕಾಗಿಲ್ಲ. ಆಕರಗಳನ್ನು ತೂಗಿನೋಡಲು ಕಲಿತ ಯಾವ ವಿದ್ಯಾರ್ಥಿಯಾದರೂ ಇದನ್ನು ಮಾಡಬಲ್ಲನು. ಪ್ರತಿ ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿಯೂ ಒಂದು ದಫ್ತರವನ್ನಿಟ್ಟು, ಕಂಡ ಸಂಕೇತ, ಸಿಕ್ಕಿದ ಕಾರಣ, ಮಾಡಿದ ಪರಿಹಾರಗಳನ್ನು ದಾಖಲಿಸುತ್ತ ಬಂದರೆ ಮುಂದಿನವರು ಅದೇ ದಾರಿಯನ್ನು ಮೊದಲಿನಿಂದ ತುಳಿಯಬೇಕಾಗುವುದಿಲ್ಲ. ಅಧ್ಯಾಪಕ ಮಿತ್ರರು ಈ ದಫ್ತರವನ್ನು ಈ ವರ್ಷವೇ ಆರಂಭಿಸಬೇಕೆಂದು ನಮ್ಮ ಅಭಿಪ್ರಾಯ.